ಅಡ್ರಿನಲಿನ್ ಮಾತು ಬಿಳಿ ರಕ್ತಕಣಕ್ಕೂ ಕೇಳುತ್ತದೆ

ಒಂದೇ ಒಂದು ಜೇನು ಕಚ್ಚಿದರೂ ಕೆಲವರಿಗೆ ಹತ್ತು ನಿಮಿಷದೊಳಗೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟತೊಡಗುತ್ತದೆ. ಇಂಥವರನ್ನು ಆಸ್ಪತ್ರೆಗೆ ಹೊತ್ತು ತಂದರೆ ವೈದ್ಯರು ಮೊದಲು ಕೈ ಹಾಕಬೇಕಾದದ್ದು ಒಂದು ಪುಟ್ಟ ಗಾಜಿನ ಆಂಪ್ಯೂಲಿಗೆ. ಅದರಲ್ಲಿರುವುದು 1 ಮಿಲಿಗ್ರಾಂ ಅಡ್ರಿನಲಿನ್. ದೊಡ್ಡವರಿಗೆ ಅದರಲ್ಲಿ ಅರ್ಧದಷ್ಟನ್ನು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚುತ್ತಾರೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ.

ಹೆದರಿದಾಗ ಎದೆ ಡವಗುಟ್ಟಿಸುವ ಹಾರ್ಮೋನಿಗೂ ಅಲರ್ಜಿಗೂ ಏನು ಸಂಬಂಧ? ಸಡಿಲಗೊಂಡ ರಕ್ತನಾಳ ಬಿಗಿಯುತ್ತದೆ, ಬಿಗಿದ ಶ್ವಾಸನಾಳ ಸಡಿಲಗೊಳ್ಳುತ್ತದೆ, ಗುಂಡಿಗೆ ಜೋರಾಗಿ ಬಡಿಯುತ್ತದೆ. ಜೀವ ಉಳಿಸುವುದು ಮುಖ್ಯವಾಗಿ ಇವೇ. ಆದರೆ ಅದೇ ಹೊತ್ತಿಗೆ, ಹಿಸ್ಟಮಿನ್ ಉಗುಳಿ ಈ ರಾದ್ಧಾಂತ ಎಬ್ಬಿಸಿದ ಮಾಸ್ಟ್ ಕೋಶಗಳಿಗೂ ಅಡ್ರಿನಲಿನ್ 'ಸಾಕು ನಿಲ್ಲಿಸು' ಎನ್ನುತ್ತದೆ. ಅವು ಆ ಮಾತನ್ನು ಕೇಳಿಸಿಕೊಳ್ಳುವುದು ತಮ್ಮ ಮೈಮೇಲಿನ ಗ್ರಾಹಕಗಳಿಂದ.

ಈ ಗ್ರಾಹಕಗಳನ್ನು 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಆಲ್ಫಾ, ಬೀಟಾ ಎಂದು ಎರಡು ಬಗೆಯಾಗಿ ವಿಂಗಡಿಸಿದರು. ಬೀಟಾದಲ್ಲೂ ಒಳಬಗೆಗಳಿವೆ. ಬಿಳಿ ರಕ್ತಕಣಗಳ ಮೇಲೆ ಹೆಚ್ಚಾಗಿ ಇರುವುದು ಬೀಟಾ-2. ಆಸ್ತಮಾದವರ ಇನ್‌ಹೇಲರಿನಲ್ಲಿರುವ ಸಾಲ್ಬುಟಮಾಲ್ ಮುಟ್ಟುವುದೂ ಇದೇ ಗ್ರಾಹಕವನ್ನು.

ಅಡ್ರಿನಲಿನ್ ಬಂದು ಬೀಟಾ-2 ಮೇಲೆ ಕೂತರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ. ಅದು ಹೆಚ್ಚಿದಂತೆ ಉರಿಯೂತ ಹಬ್ಬಿಸುವ ಟಿಎನ್‌ಎಫ್ ತಯಾರಿ ತಗ್ಗುತ್ತದೆ, ಉರಿಯೂತ ತಣಿಸುವ ಐಎಲ್-10 ಏರುತ್ತದೆ. ಎಲ್ಲ ಕಾಲಕ್ಕೂ ಹೀಗೇ ಎನ್ನುವಂತಿಲ್ಲ. ಆಲ್ಫಾ ಗ್ರಾಹಕದ ದಾರಿಯಲ್ಲಿ ಬಂದ ಸಂದೇಶ ಉರಿಯೂತಕ್ಕೆ ತುಪ್ಪ ಸುರಿದದ್ದನ್ನೂ ಪ್ರಯೋಗಗಳು ತೋರಿಸಿವೆ.

ಇನ್ನೊಂದು ಪರಿಣಾಮವನ್ನು ನೀವು ಲ್ಯಾಬಿನ ವರದಿಯಲ್ಲೇ ಕಾಣಬಹುದು. ಬಿಳಿ ರಕ್ತಕಣಗಳಲ್ಲಿ ದೊಡ್ಡದೊಂದು ಪಾಲು ಹರಿಯುವ ರಕ್ತದಲ್ಲಿರುವುದಿಲ್ಲ. ನಾಳದ ಗೋಡೆಗೆ ಅಂಟಿಕೊಂಡೋ ಗುಲ್ಮದಲ್ಲೋ ಕೂತಿರುತ್ತದೆ. ಅಡ್ರಿನಲಿನ್ ಏರಿದ ಕೆಲವೇ ನಿಮಿಷಗಳಲ್ಲಿ ಇವು ಹಿಡಿತ ಬಿಟ್ಟು ರಕ್ತಕ್ಕಿಳಿಯುತ್ತವೆ. ಎಲ್ಲಕ್ಕಿಂತ ಮುಂದಾಗಿ ಇಳಿಯುವವು ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು. ಮೂರು ಮಹಡಿ ಹತ್ತಿ, ಏದುಸಿರಿನಲ್ಲೇ ರಕ್ತ ಕೊಟ್ಟವರ ಡಬ್ಲ್ಯೂಬಿಸಿ ಕೌಂಟ್ ತುಸು ಮೇಲೆ ಬಂದರೆ ಅದೆಲ್ಲ ಸೋಂಕೇ ಆಗಬೇಕಿಲ್ಲ. ರಕ್ತ ಕೊಡುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂತಿರಿ.

ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಸ್ವಾರಸ್ಯಕರ. ವಿಮ್ ಹಾಫ್ ಎಂಬಾತನ ಉಸಿರಾಟದ ವಿಧಾನ, ತಣ್ಣೀರು-ಹಿಮದ ಅಭ್ಯಾಸ ಕಲಿತ 12 ಮಂದಿಗೂ ಕಲಿಯದ 12 ಮಂದಿಗೂ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಚುಚ್ಚಿದರು. ಕಲಿತವರು ರಭಸದ ಉಸಿರಾಟ ನಡೆಸಿದಾಗ ಅಡ್ರಿನಲಿನ್ ಜಿಗಿಯಿತು, ಐಎಲ್-10 ಬೇಗ ಏರಿತು, ಟಿಎನ್‌ಎಫ್ ಕಡಿಮೆಯಾಯಿತು. ಜ್ವರ, ತಲೆನೋವಿನಂಥ ಲಕ್ಷಣಗಳೂ ಕಡಿಮೆ. ಅವರೆಲ್ಲ ಆರೋಗ್ಯವಂತ ಯುವಕರು, ಪರೀಕ್ಷೆ ಕೆಲವು ಗಂಟೆಗಳದ್ದು. ಇದನ್ನು ಕೇಳಿ ಸಂಧಿವಾತದ ಮಾತ್ರೆ ಬಿಟ್ಟು ಉಸಿರೆಳೆಯುತ್ತ ಕೂರುವುದು ಮೂರ್ಖತನವೇ ಸರಿ.

ಹಾಗಾದರೆ ಸದಾ ಒತ್ತಡದಲ್ಲಿದ್ದು ಅಡ್ರಿನಲಿನ್ ಏರಿಸಿಕೊಂಡೇ ಇರುವವರಿಗೆ ಉರಿಯೂತವೇ ಇರಬಾರದಲ್ಲ? ಹಾಗಾಗದು. ಒಂದೇ ಸಮನೆ ಕೂಗುತ್ತಿದ್ದರೆ ಕೋಶವೂ ಕಿವಿ ಮುಚ್ಚಿಕೊಳ್ಳುತ್ತದೆ: ಅರೆಸ್ಟಿನ್ ಎಂಬ ಪ್ರೋಟೀನು ಗ್ರಾಹಕಕ್ಕೆ ಅಂಟಿ ಸಂದೇಶ ತಡೆಯುತ್ತದೆ, ಗ್ರಾಹಕವನ್ನೇ ಒಳಕ್ಕೆಳೆಯಲು ನೆರವಾಗುತ್ತದೆ.

ಕೊನೆಗೆ ಎರಡು ಮಾತು. ಜೇನು ಕಚ್ಚಿ ಉಸಿರು ಕಟ್ಟುತ್ತಿದ್ದರೆ ಅಲರ್ಜಿಯ ಔಷಧಿ ಅವಿಲ್ ಒಂದನ್ನೇ ನಂಬಿ ಕೂರಬೇಡಿ. ಅದು ತುರಿಕೆ ತಗ್ಗಿಸೀತು, ಕುಸಿದ ಬಿ.ಪಿ. ಎತ್ತಲಾರದು. ಇನ್ನು ಮೈಗ್ರೇನಿಗೋ ಕೈನಡುಕಕ್ಕೋ ಪ್ರೊಪ್ರನಲಾಲ್ ನುಂಗುವವರಲ್ಲಿ ಬೀಟಾ ಗ್ರಾಹಕಗಳಿಗೆ ಮೊದಲೇ ಬೀಗ ಬಿದ್ದಿರುತ್ತದೆ. ಅವರಿಗೆ ಅಡ್ರಿನಲಿನ್ ಸರಿಯಾಗಿ ನಾಟದೆ, ಬೀಟಾ ಗ್ರಾಹಕದ ಹಂಗಿಲ್ಲದೆ ಕೆಲಸ ಮಾಡುವ ಗ್ಲೂಕಗಾನ್ ಎಂಬ ಹಾರ್ಮೋನನ್ನು ಕೊಡಬೇಕಾಗಿ ಬರಬಹುದು. ಆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತುರ್ತು ವಿಭಾಗದ ಬಾಗಿಲಲ್ಲೇ ಹೇಳಿಬಿಡಿ.