ಒರಿಜಿನಲ್ಲಾ, ಲೋಕಲ್ಲಾ? ಕಾರಿನ ಬಿಡಿಭಾಗ ಕೊಳ್ಳುವ ಮೊದಲು

ಗ್ಯಾರೇಜಿಗೆ ಕಾರು ಬಿಟ್ಟ ದಿನ ಸಂಜೆ ಹೊತ್ತಿಗೆ ಆ ಫೋನ್ ಬಂದೇ ಬರುತ್ತದೆ. "ಬ್ರೇಕ್ ಪ್ಯಾಡ್ ಮುಗಿದಿದೆ. ಒರಿಜಿನಲ್ ಹಾಕುದಾ, ಲೋಕಲ್ ಸಾಕಾ? ಲೋಕಲ್ ಆದ್ರೆ ಅರ್ಧ ರೇಟಿಗೆ ಉಂಟು." ತಿಂಗಳ ಕೊನೆಯಾದರೆ "ಲೋಕಲ್ ಸಾಕು" ಎನ್ನುತ್ತೇವೆ. ಕೈಯಲ್ಲಿ ಸ್ವಲ್ಪ ಕಾಸಿದ್ದರೆ "ಒರಿಜಿನಲ್ಲೇ ಹಾಕಿ" ಎನ್ನುತ್ತೇವೆ. ಅದನ್ನು ಮಾಡಿದ್ದು ಯಾರು, ಬಂದದ್ದು ಎಲ್ಲಿಂದ ಎಂದು ಕೇಳುವವರು ಕಡಿಮೆ.

ಅದೇ ಕಾರಿನಲ್ಲಿ ಉಮ್ಮ, ಮಡದಿ, ಮಕ್ಕಳನ್ನು ಕೂರಿಸಿಕೊಂಡು ನಾವು ಶಿರಾಡಿ ಘಾಟಿ ಇಳಿಯುತ್ತೇವೆ. ಇನ್ನೊಂದು ಕಡೆಯಿಂದ ನೋಡಿದರೆ ಗುಜರಿ, ಟಯರ್, ಸ್ಪೇರ್ ಪಾರ್ಟ್ಸ್, ಗ್ಯಾರೇಜ್, ಟ್ಯಾಕ್ಸಿ ನಂಬಿ ಬದುಕುವ ಮನೆಗಳೂ ನಮ್ಮಲ್ಲಿ ಬಹಳ. ಕೊಳ್ಳುವವರೂ ನಾವೇ, ಮಾರುವವರೂ ನಾವೇ. ಆದ್ದರಿಂದ ಈ ವಿಷಯ ಎರಡು ಕಡೆಯವರಿಗೂ ಗೊತ್ತಿರಬೇಕು.

ಕಪಾಟಿನಲ್ಲಿರುವುದು ಐದು ಬಗೆ

"ಒರಿಜಿನಲ್", "ಲೋಕಲ್" ಎಂಬ ಎರಡು ಪದಗಳಲ್ಲಿ ಈ ಮಾರುಕಟ್ಟೆ ಮುಗಿಯುವುದಿಲ್ಲ.

ಮೊದಲನೆಯದು ಕಾರು ಕಂಪೆನಿಯದೇ ಪೆಟ್ಟಿಗೆಯಲ್ಲಿ ಬರುವ ಮಾಲು. ಇದನ್ನು ಜೆನ್ಯೂನ್ ಪಾರ್ಟ್ ಎನ್ನುತ್ತಾರೆ. ಆದರೆ ಕಾರು ಕಂಪೆನಿ ಎಲ್ಲವನ್ನೂ ತಾನೇ ತಯಾರಿಸುವುದಿಲ್ಲ. ಬ್ರೇಕ್ ಒಬ್ಬರಿಂದ, ಆಲ್ಟರ್ನೇಟರ್ ಇನ್ನೊಬ್ಬರಿಂದ, ಶಾಕ್ ಅಬ್ಸಾರ್ಬರ್ ಮತ್ತೊಬ್ಬರಿಂದ ತರಿಸಿ ಜೋಡಿಸುತ್ತದೆ.

ಹಾಗೆ ಪೂರೈಸುವ ತಯಾರಕರು ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲಿ ಅಂಗಡಿಗೆ ಕೊಡುವ ಮಾಲು ಎರಡನೆಯದು. ಚೆನ್ನೈಯ ಬ್ರೇಕ್ಸ್ ಇಂಡಿಯಾ, ಲುಕಾಸ್ ಟಿವಿಎಸ್, ಶಾಕ್ ಅಬ್ಸಾರ್ಬರ್‌ನ ಗೇಬ್ರಿಯಲ್, ನಮ್ಮ ಹಿರಿಯರು ಮೈಕೋ ಎಂದು ಕರೆಯುತ್ತಿದ್ದ ಬಾಷ್ ಇಂಥವರು. ಇವರ ಮಾಲು ಹೆಚ್ಚಾಗಿ ಜೆನ್ಯೂನ್‌ಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮ ಕಾರಿಗೆ ಯಾರ ಮಾಲು ಬಂದಿದೆ ಎಂದು ತಿಳಿಯಬೇಕಾದರೆ ಬಿಚ್ಚಿದ ಹಳೆ ಭಾಗವನ್ನೇ ನೋಡಿ. ಹೆಚ್ಚಿನ ಸಲ ಅದರ ಮೇಲೆ ತಯಾರಕರ ಹೆಸರು ಅಚ್ಚಾಗಿರುತ್ತದೆ.

ಮೂರನೆಯದು ಬೇರೆ ಕಂಪೆನಿ ತನ್ನ ಹೆಸರಲ್ಲೇ ಮಾಡಿ ಮಾರುವ ಮಾಲು. ಇದರಲ್ಲಿ ಒಳ್ಳೆಯದೂ ಉಂಟು, ತೀರಾ ಕಳಪೆಯೂ ಉಂಟು. ಕಳಪೆಯಾದ ಮಾತ್ರಕ್ಕೆ ಅದು ನಕಲಿ ಅಲ್ಲ, ತನ್ನ ಹೆಸರನ್ನು ತಾನೇ ಹೇಳಿಕೊಂಡಿದೆಯಲ್ಲ. ನಾಲ್ಕನೆಯದು ನಿಜವಾದ ಡುಪ್ಲಿಕೇಟ್. ಬೇರೆಯವರ ಹೆಸರು, ಬೇರೆಯವರ ಪೆಟ್ಟಿಗೆ, ಒಳಗೆ ಯಾರೋ ಮಾಡಿದ ವಸ್ತು. ಐದನೆಯದು ಗುಜರಿಯಿಂದ ಬಂದ ಹಳೆಯ ಮಾಲು.

ಮೋಸ ಇರುವುದು ನಾಲ್ಕನೆಯದರಲ್ಲಿ. ಮತ್ತೆ, ಮೂರನೆಯದನ್ನೋ ಐದನೆಯದನ್ನೋ ಮೊದಲನೆಯದೆಂದು ಹೇಳಿ ಕೊಟ್ಟರೂ ಅದು ಮೋಸವೇ.

ಪೆಟ್ಟಿಗೆ ಓದುವುದು

ಅಂಗಡಿಗೆ ಹೋಗುವಾಗ ಆರ್‌ಸಿಯ ಫೋಟೋ ಮೊಬೈಲಿನಲ್ಲಿರಲಿ. ಅದರಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಕೊಟ್ಟರೆ ಕಂಪೆನಿ ಡೀಲರ್ ಸರಿಯಾದ ಪಾರ್ಟ್ ನಂಬರ್ ಹೇಳುತ್ತಾರೆ. ಒಂದೇ ಮಾಡೆಲ್ ಕಾರಿಗೂ ವರ್ಷ ಬದಲಾದಂತೆ ಭಾಗ ಬದಲಾಗುವುದುಂಟು. ಹಾಗಾಗಿ "ಸ್ವಿಫ್ಟಿನದ್ದು ಕೊಡಿ" ಎಂದರೆ ಸಾಲದು.

ಪ್ಯಾಕ್ ಮಾಡಿದ ವಸ್ತುವಿನ ಮೇಲೆ ತಯಾರಕ, ಪ್ಯಾಕ್ ಮಾಡಿದವ ಅಥವಾ ಆಮದುದಾರನ ಹೆಸರು-ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ, ದೂರು ಹೇಳಲು ಸಂಪರ್ಕ ಇರಬೇಕೆಂದು 2011ರ ಪ್ಯಾಕೇಜ್ ವಸ್ತುಗಳ ನಿಯಮ ಹೇಳುತ್ತದೆ. ಹೊರದೇಶದ್ದಾದರೆ ಯಾವ ದೇಶದ್ದೆಂದೂ ಬರೆಯಬೇಕು. ಬೆಲೆ ಇಳಿಸಿ ಸ್ಟಿಕರ್ ಹಚ್ಚಬಹುದು, ಆದರೆ ಅದು ಅಚ್ಚಾದ ಎಂಆರ್‌ಪಿಯನ್ನು ಮುಚ್ಚುವ ಹಾಗಿಲ್ಲ. "ತಯಾರಕರು" ಎಂದಿರುವುದಕ್ಕೂ "ಮಾರಾಟಗಾರರು" ಎಂದಿರುವುದಕ್ಕೂ ವ್ಯತ್ಯಾಸ ಉಂಟು. ಎರಡನೆಯದು ಮಾತ್ರ ಇದ್ದರೆ ಮಾಡಿದ್ದು ಯಾರೆಂದು ಕೇಳಿ.

ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದಲ್ಲಿ ತಯಾರಾದದ್ದು ಎಂದು ಹೇಳುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಆ ಕೋಡನ್ನು ಭಾರತದ ಸಂಸ್ಥೆಯಿಂದ ಪಡೆದಿದ್ದಾರೆ ಎಂದಷ್ಟೇ ಅದರ ಅರ್ಥ. "ಚೈನಾ ಮಾಲು, ಬೇಡ" ಎನ್ನುವುದೂ ಅಂಥದ್ದೇ ಮಾತು. ದೊಡ್ಡ ದೊಡ್ಡ ಹೆಸರಿನ ಕಂಪೆನಿಗಳ ಕಾರ್ಖಾನೆಗಳೂ ಅಲ್ಲಿವೆ. ಯಾವ ದೇಶ ಎನ್ನುವುದಕ್ಕಿಂತ, ನಾಳೆ ತೊಂದರೆಯಾದರೆ ಹೊಣೆ ಹೊರುವ ಹೆಸರೊಂದು ಪೆಟ್ಟಿಗೆಯ ಮೇಲೆ ಉಂಟೋ ಎಂದು ನೋಡಬೇಕು.

ಹೊಲೊಗ್ರಾಮ್ ಇದ್ದ ಮಾತ್ರಕ್ಕೆ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ. ಕೆಲವು ಕಂಪೆನಿಗಳು ಪರೀಕ್ಷೆಗೆ ವ್ಯವಸ್ಥೆ ಮಾಡಿವೆ. ಬೇರಿಂಗ್ ತಯಾರಿಸುವ ಎಸ್‌ಕೆಎಫ್‌ಗೆ ಇದಕ್ಕೆಂದೇ ಮೊಬೈಲ್ ಆ್ಯಪ್ ಇದೆ.

ಎಲ್ಲಿ ಉಳಿಸಬಹುದು, ಎಲ್ಲಿ ಬೇಡ

ಮಡ್‌ಗಾರ್ಡ್, ಮ್ಯಾಟ್, ಬಾಗಿಲ ಹಿಡಿ, ಬಂಪರ್, ಕನ್ನಡಿಯ ಕವರ್ ಇಂಥವುಗಳಲ್ಲಿ ಮೂರನೆಯ ಬಗೆಯದನ್ನೋ ಗುಜರಿಯದನ್ನೋ ಹಾಕಿದರೆ ಹೆಚ್ಚೆಂದರೆ ಸರಿಯಾಗಿ ಕೂರಲಿಕ್ಕಿಲ್ಲ, ಬಣ್ಣ ಮಾಸೀತು. ಇಲ್ಲಿ ಧಾರಾಳವಾಗಿ ಉಳಿಸಿ.

ಬ್ರೇಕ್, ಸ್ಟೇರಿಂಗ್, ಟಯರ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಮಾತ್ರ ಬೇರೆ. ಘಾಟಿ ಇಳಿಯುವಾಗ ಪ್ಯಾಡ್ ಕಾಯುತ್ತದೆ. ಕಾದ ಮೇಲೂ ಹಿಡಿಯುವುದು ಒಳ್ಳೆಯ ಪ್ಯಾಡ್. ಕಳಪೆಯದ್ದು ಊರೊಳಗೆ ಚೆನ್ನಾಗಿಯೇ ಹಿಡಿಯುತ್ತದೆ, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಅನೇಕ ಪ್ಯಾಡ್‌ಗಳ ಮೇಲೆ ಇಂಗ್ಲಿಷಿನ ಎರಡು ಅಕ್ಷರ ಇರುತ್ತವೆ, 'ಎಫ್ಎಫ್' ಎಂಬಂತೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ಹೇಳುತ್ತದೆ. 'ಇ' ಅಂದರೆ ಹಿಡಿತ 0.25ರಿಂದ 0.35, 'ಎಫ್' ಅಂದರೆ 0.35ರಿಂದ 0.45. ಬಾಳಿಕೆ ಎಷ್ಟು ಎಂಬುದನ್ನು ಆ ಅಕ್ಷರ ಹೇಳುವುದಿಲ್ಲ. ಆದರೆ ಯಾವ ಗುರುತೂ ಹೆಸರೂ ಇಲ್ಲದ ಪ್ಯಾಡನ್ನು ಹಾಕಿಸಲೇಬೇಡಿ.

ನಮ್ಮ ಕರಾವಳಿಯ ಉಪ್ಪು ಗಾಳಿ, ಜೂನ್‌ನಿಂದ ಸುರಿಯುವ ಮಳೆ, ಹೊಂಡದ ರಸ್ತೆ ಇವಕ್ಕೆಲ್ಲ ಬೇಗ ಬಲಿಯಾಗುವುದು ಬಾಲ್ ಜಾಯಿಂಟ್, ಟೈ ರಾಡ್ ಎಂಡ್. ಅಗ್ಗದ್ದರ ರಬ್ಬರ್ ಬೂಟ್ ಬೇಗ ಬಿರಿಯುತ್ತದೆ. ನೀರು, ಮಣ್ಣು ಒಳಗೆ ಹೋಗಿ ಜಾಯಿಂಟನ್ನು ತಿನ್ನುತ್ತದೆ.

ಟಯರ್‌ನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. "ಹೊಸತು" ಎಂದು ಕೊಡುವಾಗ ಇದನ್ನು ನೋಡಿ, ಐಎಸ್‌ಐ ಗುರುತನ್ನೂ ನೋಡಿ. ಏರ್‌ಬ್ಯಾಗ್, ಸೀಟ್ ಬೆಲ್ಟ್ ಗುಜರಿಯಿಂದ ಬೇಡವೇ ಬೇಡ.

ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಸಣ್ಣ ವಸ್ತು ಎಂದು ಕಡೆಗಣಿಸುತ್ತೇವೆ. ಕೆಟ್ಟ ಫಿಲ್ಟರ್‌ನಿಂದ ಇಂಜಿನ್ನೇ ಹೋಗಬಹುದು. ಪ್ಲಗ್‌ನಲ್ಲಿ ಒಂದು ಸುಲಭ ಪರೀಕ್ಷೆ ಉಂಟು. ಎನ್‌ಜಿಕೆಯ ಅಸಲಿ ಪ್ಲಗ್‌ನ ವಾಷರ್ ಕೈಯಿಂದ ತಿರುಗಿಸಿದರೆ ಸುಲಭಕ್ಕೆ ಕಳಚುವುದಿಲ್ಲ. ನಕಲಿಯದ್ದು ಹಲವು ಸಲ ಹಾಗೆಯೇ ಕೈಗೆ ಬರುತ್ತದೆ.

ಗಲ್ಫ್‌ನಿಂದ ಬರುವ ಮಾಲು

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಕಾರುಗಳ ಬಿಡಿಭಾಗದ ಅಂಗಡಿಗಳು ಸಾಲು ಸಾಲಾಗಿವೆ. ಊರಿಗೆ ಬರುವಾಗ ತಮ್ಮನೋ ಭಾವನೋ ಸೂಟ್‌ಕೇಸಿನಲ್ಲಿ ಒಂದು ಹೆಡ್‌ಲೈಟ್ ತರುವುದುಂಟು. ಪ್ರೀತಿಯಿಂದ ತಂದದ್ದೇ, ಆದರೆ ಒಂದು ಸಂಗತಿ ಗೊತ್ತಿರಲಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುತ್ತಾರೆ. ಡಿಪ್ ಹಾಕಿದಾಗ ಬೆಳಕು ಬಲಕ್ಕೆ ಏರುವಂತೆ ಆ ಲೈಟ್ ಮಾಡಿರುತ್ತಾರೆ. ಇಲ್ಲಿ ನಮ್ಮ ಬಲಕ್ಕೆ ಬರುವುದು ಎದುರಿನ ವಾಹನ. ಡಿಪ್ ಹಾಕಿದರೂ ಅವನ ಕಣ್ಣು ಕುಕ್ಕುತ್ತದೆ. ಸ್ಟೇರಿಂಗ್ ರ‍್ಯಾಕ್, ವೈಪರ್‌ನ ಭಾಗಗಳೂ ಅಲ್ಲಿಯದು ಇಲ್ಲಿಗೆ ಹೊಂದುವುದಿಲ್ಲ. ಪಾರ್ಟ್ ನಂಬರ್ ತಾಳೆ ನೋಡದೆ ತರಿಸಬೇಡಿ.

ಅಂಗಡಿಯವರಿಗೆ ಒಂದು ಮಾತು

ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈಯಿಟ್ಟಾಗ ಬೆರಳಿಗೆ ತೇವ ತಾಗಿದ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಒದ್ದೆಯಾದದ್ದನ್ನು ಮಾರಬೇಡ ಎಂದು ಅಲ್ಲಿ ಹೇಳಲಿಲ್ಲ. ಗಿರಾಕಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದೇ ಕೇಳಿದ್ದು. ಲೋಕಲ್ ಮಾಲನ್ನು ಲೋಕಲ್ ಎಂದು, ಹಳೆಯದನ್ನು ಹಳೆಯದೆಂದು ಹೇಳಿ ಮಾರುವ ವ್ಯಾಪಾರಿ ತಲೆ ತಗ್ಗಿಸಬೇಕಾಗಿಲ್ಲ.

ಕಾನೂನೂ ಸುಮ್ಮನಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆ ಪ್ರಕಾರ ನಕಲಿ ಹೆಸರಿನ ಮಾಲು ಮಾಡಿದವನಿಗೆ ಮಾತ್ರವಲ್ಲ, ಮಾರಿದವನಿಗೂ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಉಂಟು. ಎಚ್ಚರ ವಹಿಸಿಯೂ ತನಗೆ ಸಂಶಯ ಬರಲು ಕಾರಣ ಇರಲಿಲ್ಲ ಎಂದು, ಮಾಲು ಯಾರಿಂದ ಬಂತು ಎಂದು ತೋರಿಸಬಲ್ಲವನಿಗೆ ರಕ್ಷಣೆ ಇದೆ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದಾಗಲಿ, ದಿಲ್ಲಿಯ ಕಾಶ್ಮೀರಿ ಗೇಟ್‌ನಿಂದಾಗಲಿ ತರಿಸಿದ ಮಾಲಿನ ಬಿಲ್ ಜೋಪಾನವಾಗಿರಲಿ.

ಕೊಳ್ಳುವವರೂ ಬಿಲ್ ಕೇಳಿ, ಅದರಲ್ಲಿ ಕಂಪೆನಿಯ ಹೆಸರು, ಪಾರ್ಟ್ ನಂಬರ್ ಬರೆಸಿ. ಬರೀ "ಬ್ರೇಕ್ ಪ್ಯಾಡ್ ಒಂದು ಸೆಟ್" ಎಂದಿದ್ದರೆ ನಾಳೆ ಏನನ್ನೂ ಸಾಬೀತು ಮಾಡಲಾಗದು. ಅಂಗಡಿಯವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಇನ್ನೊಂದು ಕೆಲಸ ನಮ್ಮ ಮನೆ, ಗ್ಯಾರೇಜುಗಳಲ್ಲೇ ಆಗಬೇಕು. ನಕಲಿ ಮಾಡುವವನಿಗೆ ಬೇಕಾಗಿರುವುದು ಅಸಲಿ ಪೆಟ್ಟಿಗೆ, ಅಸಲಿ ಆಯಿಲ್ ಕ್ಯಾನ್. ಅವು ನಮ್ಮಿಂದಲೇ ಗುಜರಿಗೆ ಹೋಗುತ್ತವೆ. ಹಳೆ ಭಾಗವನ್ನು ಮೆಕ್ಯಾನಿಕ್‌ನಿಂದ ಕೇಳಿ ತೆಗೆದುಕೊಳ್ಳಿ, ಹೊಸದರ ಪೆಟ್ಟಿಗೆಯನ್ನು ಹರಿದು ಹಾಕಿ, ಲೇಬಲ್ ಕಿತ್ತುಬಿಡಿ, ಖಾಲಿ ಕ್ಯಾನಿಗೆ ನಾಲ್ಕು ತೂತು ಕೊರೆದು ಆಮೇಲೆ ಗುಜರಿಗೆ ಕೊಡಿ.