ಕಾರಾಗೃಹದಲ್ಲಿ ಬಂಧುಗಳ ಸಂದರ್ಶನ: ಅನುಮತಿಯ ಸ್ವರೂಪ

ಸೆರೆವಾಸದಲ್ಲಿರುವ ವ್ಯಕ್ತಿಯನ್ನು ಅವನ ತಾಯಿಯಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ ಕಾಣಬೇಕಾದರೆ ಅಧಿಕಾರಿಯ ಅನುಮತಿ ಅವಶ್ಯಕ. ಈ ಅನುಮತಿಯು ಸರ್ಕಾರದ ಕೃಪೆಯೋ, ಬಂದಿಯ ಹಕ್ಕೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕೇವಲ ಶಾಬ್ದಿಕವೆಂದು ತೋರಬಹುದು. ವ್ಯವಹಾರದಲ್ಲಿ ಹಾಗಲ್ಲ. ಕೃಪೆಯನ್ನು ನಿರಾಕರಿಸುವವನು ಕಾರಣ ಹೇಳಬೇಕಾದುದಿಲ್ಲ. ಹಕ್ಕನ್ನು ನಿರಾಕರಿಸುವವನು ಕಾರಣವನ್ನು ಹೇಳಬೇಕು, ಆ ಕಾರಣವನ್ನು ನ್ಯಾಯಾಲಯವು ಪರೀಕ್ಷಿಸಬಹುದು. ನಮ್ಮ ದೇಶದಲ್ಲಿ ಈ ಅನುಮತಿಯ ಕಲ್ಪನೆ ಹೇಗೆ ಮಾರ್ಪಟ್ಟಿತೆಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಶಾಸನದ ಮೂಲವನ್ನು ನೋಡೋಣ. ಸಿವಿಲ್ ಬಂದಿಗಳೂ ಅಪರಾಧವು ಇನ್ನೂ ಸ್ಥಾಪಿತವಾಗದ ಬಂದಿಗಳೂ ಯಾರೊಡನೆ ಮಾತನಾಡಲು ಅಪೇಕ್ಷಿಸುವರೋ ಅಂಥವರನ್ನು, ತಕ್ಕ ಸಮಯದಲ್ಲಿ ತಕ್ಕ ನಿರ್ಬಂಧಗಳೊಡನೆ ಒಳಗೆ ಬಿಡಲು ಏರ್ಪಾಡಿರಬೇಕೆಂದು ೧೮೯೪ರ ಕಾರಾಗೃಹ ಅಧಿನಿಯಮದ ೪೦ನೆಯ ಪ್ರಕರಣವು ವಿಧಿಸಿತು. ಶಿಕ್ಷೆಗೊಳಗಾದವರ ಮಾತನ್ನು ಈ ಪ್ರಕರಣ ಎತ್ತಲಿಲ್ಲ; ಅವರ ಸಂಗತಿ ನಿಯಮಗಳ ಪಾಲಿಗೆ ಉಳಿಯಿತು. ೪೧ನೆಯ ಪ್ರಕರಣದಂತೆ ಜೈಲರು ಸಂದರ್ಶಕನ ಹೆಸರನ್ನೂ ವಿಳಾಸವನ್ನೂ ಕೇಳಬಹುದು. ಸಂಶಯಕ್ಕೆ ಆಧಾರವಿದ್ದರೆ ಅವನನ್ನು ಶೋಧಿಸಬಹುದು. ಆದರೆ ಬಂದಿಯ ಎದುರಿಗಾಗಲಿ ಬೇರೊಬ್ಬ ಸಂದರ್ಶಕನ ಎದುರಿಗಾಗಲಿ ಶೋಧನೆ ನಡೆಯಕೂಡದು. ಶೋಧನೆಗೆ ಒಪ್ಪದವನಿಗೆ ಪ್ರವೇಶವನ್ನು ನಿರಾಕರಿಸಬಹುದಾದರೂ ಅದರ ಕಾರಣವನ್ನು ದಾಖಲೆಯಲ್ಲಿ ಬರೆದಿಡತಕ್ಕದ್ದು. ಪರಾಧೀನ ಕಾಲದ ಶಾಸನವೂ ಅಧಿಕಾರದೊಡನೆ ಲೆಕ್ಕ ಒಪ್ಪಿಸುವ ಹೊಣೆಯನ್ನು ಸೇರಿಸಿದ್ದಿತೆಂಬುದು ಗಮನಾರ್ಹ.

ಸಂವಿಧಾನದ ಪ್ರಕಾರ ಕಾರಾಗೃಹಗಳು ರಾಜ್ಯಗಳಿಗೆ ಸೇರಿದ ವಿಷಯ. ನಮ್ಮ ರಾಜ್ಯದಲ್ಲಿ ೧೯೬೩ರಲ್ಲಿ ಪ್ರತ್ಯೇಕ ಅಧಿನಿಯಮವಾಯಿತು. ಆದುದರಿಂದ ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಆದರೂ ಸಾಮಾನ್ಯ ಕ್ರಮವನ್ನು ಕೇಂದ್ರ ಗೃಹ ಮಂತ್ರಾಲಯದ ೨೦೧೬ರ ಮಾದರಿ ಕಾರಾಗೃಹ ಕೈಪಿಡಿಯಿಂದ ತಿಳಿಯಬಹುದು. ಬಂದಿಯು ಕಾರಾಗೃಹವನ್ನು ಸೇರಿದಾಗ, ತನ್ನನ್ನು ನೋಡಲು ಬರಬಹುದಾದ ಬಂಧುಮಿತ್ರರ ಪಟ್ಟಿಯನ್ನು ಒಪ್ಪಿಸಬೇಕು; ಸಂದರ್ಶನವು ಆ ಪಟ್ಟಿಯಲ್ಲಿರುವವರಿಗೆ ಸೀಮಿತ. ಒಂದು ಸಲಕ್ಕೆ ಸಾಮಾನ್ಯವಾಗಿ ಮೂವರಿಗೆ ಮಾತ್ರ ಅವಕಾಶ. ಮಾತುಕತೆ ಖಾಸಗಿ ಮತ್ತು ಕೌಟುಂಬಿಕ ವಿಷಯಗಳನ್ನು ಮೀರಬಾರದು. ಅನುಮತಿ ಕೊಡುವ ಅಧಿಕಾರ ಸೂಪರಿಂಟೆಂಡೆಂಟರದು. ನಿರಾಕರಿಸಿದಲ್ಲಿ ಅವರು ಕಾರಣವನ್ನು ಬರೆದಿಡಬೇಕು. ಹೀಗೆ ಅನುಮತಿಗೆ ಎರಡು ಬಾಗಿಲುಗಳು: ಒಂದು ಬಂದಿಯ ಪಟ್ಟಿ, ಮತ್ತೊಂದು ಅಧಿಕಾರಿಯ ಒಪ್ಪಿಗೆ. ಪಟ್ಟಿಯಲ್ಲಿ ಹೆಸರಿಲ್ಲದ ತಮ್ಮನು ಎಷ್ಟು ದೂರದಿಂದ ಬಂದಿದ್ದರೂ ಮೊದಲನೆಯ ಬಾಗಿಲಲ್ಲಿಯೇ ನಿಲ್ಲುವ ಸಂಭವವುಂಟು.

ಈ ಒಪ್ಪಿಗೆ ಕೃಪೆಯಲ್ಲವೆಂಬುದನ್ನು ಸ್ಪಷ್ಟಪಡಿಸಿದವು ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು. ೧೯೭೯ರ ಡಿಸೆಂಬರಿನಲ್ಲಿ ಸುನೀಲ್ ಬಾತ್ರಾ ಅವರ ಎರಡನೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಶೋಧನೆ ಮತ್ತು ಶಿಸ್ತಿಗೆ ಒಳಪಟ್ಟು ಬಂಧುಗಳ ಸಹವಾಸವನ್ನು ಬಂದಿಗೆ ನಿರಾಕರಿಸಲಾಗದೆಂದು ಅಭಿಪ್ರಾಯಪಟ್ಟರು. ೧೯೮೧ರ ಜನವರಿಯಲ್ಲಿ ತೀರ್ಮಾನವಾದ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಮೊಕದ್ದಮೆ ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು. ದೆಹಲಿಯ ತಿಹಾರ್ ಕಾರಾಗೃಹದಲ್ಲಿ ವಿಚಾರಣೆಯಿಲ್ಲದೆ ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಈ ಮಹಿಳೆಗೆ, ಸುಮಾರು ಐದು ವರ್ಷದ ಮಗಳನ್ನೂ ಮಗುವನ್ನು ಸಾಕುತ್ತಿದ್ದ ಸೋದರಿಯನ್ನೂ ತಿಂಗಳಿಗೆ ಒಂದೇ ಸಲ ಕಾಣಲು ಅವಕಾಶವಿದ್ದಿತು. ವಿಚಾರಣಾಧೀನ ಬಂದಿಗಳಿಗಾದರೋ ವಾರಕ್ಕೆ ಎರಡು ಸಂದರ್ಶನಗಳಿದ್ದವು. ಅಪರಾಧಿಯೆಂದು ತೀರ್ಮಾನವಾಗದವಳಿಗೆ ಇಂಥ ನಿರ್ಬಂಧವು ಸಂವಿಧಾನದ ೧೪ ಮತ್ತು ೨೧ನೆಯ ಅನುಚ್ಛೇದಗಳಿಗೆ ವಿರುದ್ಧವೆಂದು ನ್ಯಾಯಾಲಯ ನಿರ್ಣಯಿಸಿತು. ವಾರಕ್ಕೆ ಕನಿಷ್ಠ ಎರಡು ಸಂದರ್ಶನಗಳಿರಬೇಕು. ಅವಕ್ಕೆ ಸೂಪರಿಂಟೆಂಡೆಂಟರ ಅನುಮತಿ ಸಾಕು, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕೆನ್ನುವುದು ಅನಾವಶ್ಯಕವಾದ ತೊಡಕು ಎಂದು ಹೇಳಿತು.

ಈ ತೀರ್ಪಿನ ಕೊನೆಯ ಅಂಶವನ್ನು ನಾವು ವಿಶೇಷವಾಗಿ ಎತ್ತಿ ಹೇಳಬೇಕಾಗಿದೆ. ಹಕ್ಕನ್ನು ನೇರವಾಗಿ ಇಲ್ಲವೆನ್ನದೆಯೂ ಅದನ್ನು ಬರಿದುಮಾಡಬಹುದು. ಅನುಮತಿಯ ಕಛೇರಿಯನ್ನು ದೂರವಿಟ್ಟರೆ, ಅರ್ಜಿಗೆ ಉತ್ತರವನ್ನು ತಡಮಾಡಿದರೆ, ಗುರುತಿನ ಚೀಟಿಯಲ್ಲಿ ಹೆಸರಿನ ಅಕ್ಷರವೊಂದು ಬೇರೆಯಾದುದಕ್ಕೆ ಹಿಂದಕ್ಕೆ ಕಳುಹಿಸಿದರೆ, ದಿನದ ಕೂಲಿಯನ್ನು ಬಿಟ್ಟು ಬಸ್ಸಿಗೆ ಹಣ ಕೊಟ್ಟು ಬಂದ ಹೆಂಗಸಿನ ಪಾಲಿಗೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಆದುದರಿಂದ ಅನುಮತಿಯನ್ನು ಯಾರು, ಎಲ್ಲಿ, ಎಷ್ಟು ಬೇಗ ಕೊಡುತ್ತಾರೆಂಬುದು ಹಕ್ಕಿನ ಹೊರಗಿನ ಸಂಗತಿಯಲ್ಲ. ಅದರ ಒಂದು ಅಂಗವೇ.

ಕಾರಾಗೃಹದ ಭದ್ರತೆಯ ವಾದವನ್ನು ಇಲ್ಲಿ ಕಡೆಗಣಿಸುವಂತಿಲ್ಲ. ನಿಷಿದ್ಧ ವಸ್ತುಗಳು ಸಂದರ್ಶಕರ ಮೂಲಕ ಒಳಸೇರುವ ಭಯವೂ, ಸಾಕ್ಷಿಗಳನ್ನು ಬೆದರಿಸಲು ಹೊರಗಿನವರಿಗೆ ಸೂಚನೆ ಹೋಗುವ ಶಂಕೆಯೂ ನಿರಾಧಾರವಲ್ಲ. ಆದರೆ ಇವು ಶೋಧನೆಗೂ ಮೇಲ್ವಿಚಾರಣೆಗೂ ಕಾರಣಗಳಾಗಬಲ್ಲುವೇ ಹೊರತು ಸಂಬಂಧವನ್ನೇ ಕಡಿಯುವುದಕ್ಕಲ್ಲ. ೨೦೧೫ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ನಿಲುವೂ ಇದೇ: ಸಂದರ್ಶಕನು ಶೋಧನೆಗೆ ಒಪ್ಪಬೇಕು, ಶೋಧನೆ ಅವಮಾನಕರವಾಗಿರಬಾರದು, ಕುಟುಂಬದ ಸಂಪರ್ಕವನ್ನು ನಿಷೇಧಿಸುವುದು ಶಿಕ್ಷೆಯ ರೂಪವಾಗಬಾರದು. ೨೦೧೭ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕುಟುಂಬದವರ ಸಂದರ್ಶನಗಳನ್ನು ಪ್ರೋತ್ಸಾಹಿಸಬೇಕೆಂದೂ, ದೂರವಾಣಿ ಮತ್ತು ವಿಡಿಯೋ ಸಂಪರ್ಕದ ಸಾಧ್ಯತೆಯನ್ನು ಪರಿಶೀಲಿಸಬೇಕೆಂದೂ ಸೂಚಿಸಿತು. ಕೋವಿಡ್ ವ್ಯಾಧಿಯ ಕಾರಣ ೨೦೨೦ರಲ್ಲಿ ಮುಖತಃ ಸಂದರ್ಶನಗಳು ನಿಂತಾಗ ಅನೇಕ ಕಡೆ ವಿಡಿಯೋ ಸಂದರ್ಶನವೇ ಆಸರೆಯಾಯಿತು. ‘ಇ-ಮುಲಾಕಾತ್’ ಎಂಬ ಗಣಕ ವ್ಯವಸ್ಥೆಯಲ್ಲಿ ಮುಂಗಡವಾಗಿ ಹೆಸರನ್ನು ನೋಂದಾಯಿಸುವ ಅನುಕೂಲವಿದೆ. ದೂರದವರಿಗೆ ಇದು ಉಪಕಾರಿ. ಅಕ್ಷರವನ್ನೂ ಯಂತ್ರವನ್ನೂ ಅರಿಯದವರಿಗೆ ಮಾತ್ರ ಮತ್ತೊಂದು ಬಾಗಿಲು.

ಈ ವಿಷಯದ ಅಭ್ಯಾಸದಲ್ಲಿ ತೊಡಗುವ ವಿದ್ಯಾರ್ಥಿಗಳು ತೀರ್ಪುಗಳನ್ನು ಓದಿದರೆ ಸಾಲದೆಂಬುದು ನಮ್ಮ ಅಭಿಪ್ರಾಯ. ನಿರಾಕರಣೆಯ ಕಾರಣವನ್ನು ಬರೆದಿಡಬೇಕೆಂದು ೧೮೯೪ರ ಶಾಸನವೂ ೨೦೧೬ರ ಕೈಪಿಡಿಯೂ ಹೇಳುತ್ತವಷ್ಟೆ. ಆ ಬರಹಗಳನ್ನು ಅಧಿಕಾರಿಗಳ ಒಪ್ಪಿಗೆಯಿಂದ ಪರಿಶೀಲಿಸಿ, ಹಿಂದಿರುಗಿದವರು ಯಾರು, ಯಾವ ಕಾರಣಕ್ಕೆ, ಎಷ್ಟು ದೂರದಿಂದ ಬಂದವರು ಎಂಬುದನ್ನು ವರ್ಗೀಕರಿಸಿದಲ್ಲಿ, ಈ ಹಕ್ಕು ಕಾರಾಗೃಹದ ಬಾಗಿಲಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿದೆಯೆಂಬುದು ತಿಳಿದುಬರುವುದು.