ಹಳೆಯ ಸಿಂಥಸೈಸರಿಗೆ ಹೊರಗಿನ ದನಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜಾತ್ರೆಯ ನಾಟಕದ ಕರಪತ್ರ ಓದಿದವರಿಗೆ ‘ಕ್ಯಾಸಿಯೊ’ ಎಂಬ ಪದ ಹೊಸದಲ್ಲ. ಪೇಟಿ ಮಾಸ್ತರ, ತಬಲಾ ವಾದಕರ ಸಾಲಿನಲ್ಲಿಯೇ ಕ್ಯಾಸಿಯೊ ನುಡಿಸುವವರಿಗೂ ಸ್ಥಾನವಿರುತ್ತದೆ. ಜಪಾನಿನ ಒಂದು ಕಂಪನಿಯ ಹೆಸರು ವಿದ್ಯುತ್ ಕೀಬೋರ್ಡುಗಳಿಗೆಲ್ಲ ಸಾಮಾನ್ಯ ನಾಮವಾಗಿಬಿಟ್ಟಿದೆ. ಆ ಕೀಬೋರ್ಡಿನ ಹಿರಿಯನಾದ ಅನಲಾಗ್ ಸಿಂಥಸೈಸರ್ ಮಾತ್ರ ಈ ಭಾಗದಲ್ಲಿ ಅಪರೂಪ. ಆದರೂ ಆ ಹಳೆಯ ಯಂತ್ರವನ್ನು ಅಲ್ಪಸ್ವಲ್ಪ ತಿದ್ದಿ, ಹಾಡುಗಾರನ ದನಿಯನ್ನೋ ಶಹನಾಯಿಯ ನಾದವನ್ನೋ ಅದರ ಮೂಲಕ ಹಾಯಿಸುವ ವಿದ್ಯೆ ನಮ್ಮ ಸಂಗೀತಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಒಪ್ಪುವಂಥದು.

ಹೊರಗಿನಿಂದ ಬಂದ ವಾದ್ಯವನ್ನು ತಿದ್ದಿಕೊಳ್ಳುವುದು ನಮ್ಮವರಿಗೆ ಹೊಸತೇನಲ್ಲ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತಿದಿ ಒತ್ತುವ, ಕುರ್ಚಿಯ ಮೇಲೆ ಕುಳಿತು ನುಡಿಸುವ ವಾದ್ಯವಾಗಿತ್ತು. ಕಲಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಗಾಳಿ ಹಾಕುತ್ತ ನುಡಿಸುವ ಪೆಟ್ಟಿಗೆಯನ್ನಾಗಿ ಮಾರ್ಪಡಿಸಿದರು. ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಂತಹ (1914-2010) ಮಹನೀಯರ ಕೈಯಲ್ಲಿ ಅದು ನಮ್ಮದೇ ಆಯಿತು. ಆದರೂ ಒಂದು ಆಕ್ಷೇಪ ಉಳಿದೇ ಇತ್ತು. ಹಾರ್ಮೋನಿಯಂನ ಸ್ವರಸ್ಥಾನಗಳು ನಿಶ್ಚಿತ; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಿಂದ ಹೊರಡದು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ, 1971ರವರೆಗೂ ತೆರೆಯದಿದ್ದುದರ ಹಿಂದೆ ಈ ವಾದವೂ ಇತ್ತು. ಕೀಬೋರ್ಡಿಗೂ ಅದೇ ಆಕ್ಷೇಪ ಅನ್ವಯಿಸುತ್ತದೆ.

ಸಿಂಥಸೈಸರನ್ನು ಹೊರಗಿನ ದನಿಗೆ ಬಳಸಿದಾಗ ಈ ಆಕ್ಷೇಪವೇ ಬಿದ್ದುಹೋಗುತ್ತದೆ. ಏಕೆಂದರೆ ಅಲ್ಲಿ ಸ್ವರ ಹುಟ್ಟಿಸುವವನು ಗಾಯಕ, ಯಂತ್ರವಲ್ಲ.

ಅನಲಾಗ್ ಸಿಂಥಸೈಸರಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಆಸಿಲೇಟರ್ ಒರಟು ನಾದವನ್ನು ಹುಟ್ಟಿಸುತ್ತದೆ, ಫಿಲ್ಟರ್ ಅದರ ಬಣ್ಣ ಬದಲಿಸುತ್ತದೆ, ಆಂಪ್ಲಿಫೈಯರ್ ಅದರ ಏರಿಳಿತವನ್ನು ನಿಯಂತ್ರಿಸುತ್ತದೆ. ಈ ವಾದ್ಯಗಳ ಕೀರ್ತಿ ಬಹುಪಾಲು ಫಿಲ್ಟರಿಗೆ ಸಲ್ಲಬೇಕು. ಒಂದೇ ಶ್ರುತಿಯಲ್ಲಿ ‘ಆ’ ಎಂದು ಎಳೆಯುತ್ತ, ತುಟಿಗಳನ್ನು ನಿಧಾನವಾಗಿ ‘ಊ’ ಕಡೆಗೆ ಮುಚ್ಚುತ್ತ ಬನ್ನಿ. ಶ್ರುತಿ ಬದಲಾಗುವುದಿಲ್ಲ, ಬಣ್ಣ ಮಾತ್ರ ಮಸುಕಾಗುತ್ತದೆ. ಫಿಲ್ಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬಂದ ನಾದ ಒಳಗಿನ ಆಸಿಲೇಟರಿನದೋ ಹೊರಗಿನ ಕಂಠದ್ದೋ ಎಂಬುದು ಅದಕ್ಕೆ ತಿಳಿಯದು. ಗಾಯಕನ ಮೀಂಡ್, ಗಮಕ ಎಲ್ಲವೂ ಇದ್ದಂತೆಯೇ ದಾಟಿ ಹೋಗುತ್ತವೆ.

ಕೆಲವು ವಾದ್ಯಗಳಿಗೆ ಈ ಸೌಕರ್ಯ ಹುಟ್ಟಿನಿಂದಲೇ ಇತ್ತು. 1970ರ ಮಿನಿಮೂಗ್‌ನಲ್ಲಿ ಹೊರಗಿನ ದನಿಗೆ ಪ್ರತ್ಯೇಕ ಜಾಕ್ ಇದೆ. 1978ರ ಕೋರ್ಗ್ ಎಂಎಸ್-20 ಇನ್ನೂ ಮುಂದೆ ಹೋಗಿ, ಬಂದ ದನಿಯ ಶ್ರುತಿಯನ್ನು ವೋಲ್ಟೇಜಾಗಿ ಪರಿವರ್ತಿಸಿ ತನ್ನ ಆಸಿಲೇಟರನ್ನೇ ಹಿಂಬಾಲಿಸುವಂತೆ ಮಾಡುವ ವ್ಯವಸ್ಥೆ ಹೊಂದಿತ್ತು. ಭಾರತದಲ್ಲಿಯೂ ಈ ಯಂತ್ರಗಳಿಗೆ ಹಳೆಯ ಇತಿಹಾಸವಿದೆ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರ್ ಸ್ಥಾಪಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಆ ಧ್ವನಿಮುದ್ರಿಕೆಗಳು ದಶಕಗಳ ಕಾಲ ಕಪಾಟಿನಲ್ಲಿದ್ದು, 2023ರಲ್ಲಿ ಬಿಡುಗಡೆಯಾದವು.

ಮಾರ್ಪಾಡಿನ ಪ್ರಶ್ನೆ ಬರುವುದು ಅಂತಹ ಜಾಕ್ ಇಲ್ಲದ ವಾದ್ಯಗಳಲ್ಲಿ. 1982ರ ರೋಲ್ಯಾಂಡ್ ಎಸ್‌ಎಚ್-101 ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಆಸಿಲೇಟರಿನ ಬೇರೆಬೇರೆ ತರಂಗಗಳು ಮಿಕ್ಸರಿನಲ್ಲಿ ಕೂಡಿ, ಒಂದಾಗಿ ಫಿಲ್ಟರ್ ಪ್ರವೇಶಿಸುತ್ತವೆ. ಹೊರಗಿನ ದನಿಯನ್ನು ಆ ಕೂಡುಬಿಂದುವಿಗೆ ತಂದು ಸೇರಿಸಿದರೆ ಮೂಲಭೂತ ಕೆಲಸ ಮುಗಿಯಿತು. ನಡುವೆ ಒಂದು ಕೆಪಾಸಿಟರ್ ಇರಲೇಬೇಕು; ನೇರ ವಿದ್ಯುತ್ತು ಒಳನುಗ್ಗದಂತೆ ತಡೆದು ದನಿಯನ್ನಷ್ಟೇ ಬಿಡುವುದು ಅದರ ಕೆಲಸ. ಅದರೊಡನೆ ಒಂದು ರೆಸಿಸ್ಟರ್ ಬೇಕು. ಅದರ ಬೆಲೆ ಮಿಕ್ಸರಿನ ಇತರ ದಾರಿಗಳಲ್ಲಿರುವ ರೆಸಿಸ್ಟರುಗಳಿಗೆ ಹತ್ತಿರವಿದ್ದರೆ ಸಮತೋಲ ಕೆಡದು.

ಹೆಚ್ಚಿನವರು ಎಡವುವುದು ಮಟ್ಟದ ವಿಷಯದಲ್ಲಿ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಸಿಂಥಸೈಸರಿನ ಒಳಗೆ ಓಡಾಡುವುದು ಹಲವು ವೋಲ್ಟ್. ಹೀಗಾಗಿ ಮೈಕನ್ನು ನೇರವಾಗಿ ಜೋಡಿಸಿದರೆ ಏನೂ ಕೇಳಿಸದು. ಟಿಎಲ್ 072ನಂತಹ ಅಗ್ಗದ ಐಸಿಯಿಂದ ಚಿಕ್ಕ ಪ್ರಿಆಂಪ್ಲಿಫೈಯರ್ ಕಟ್ಟಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂತಹ ಬಿಡಿಭಾಗಗಳಿಗೆ ಕೊರತೆಯಿಲ್ಲ. ಇದಕ್ಕೆ ವಿರುದ್ಧವಾದ ತಪ್ಪು ಹೆಚ್ಚು ಅಪಾಯಕರ. ನಾಟಕದ ಥೇಟರಿನ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯನ್ನು ಎಂದಿಗೂ ಈ ಜಾಕಿಗೆ ಚುಚ್ಚಬಾರದು. ಆ ಶಕ್ತಿಗೆ ಒಳಗಿನ ಐಸಿ ಸುಟ್ಟುಹೋದೀತು.

ಇನ್ನೊಂದು ತೊಡಕೂ ಇದೆ. ಕೀಲಿಯನ್ನು ಒತ್ತಿದಾಗ ಮಾತ್ರ ಯಂತ್ರದ ಆಂಪ್ಲಿಫೈಯರ್ ತೆರೆದುಕೊಳ್ಳುತ್ತದೆ. ಹಾಡುತ್ತಿರುವಾಗ ಕೀಲಿ ಒತ್ತದಿದ್ದರೆ ದನಿ ಬಾಗಿಲಲ್ಲೇ ನಿಲ್ಲುತ್ತದೆ. ಹೋಲ್ಡ್ ಗುಂಡಿಯಿದ್ದರೆ ಒಂದು ಕೀಲಿಯನ್ನು ಹಿಡಿದಿಡುವುದು ಸುಲಭೋಪಾಯ. ಬಂದ ದನಿಯ ಬಲವನ್ನೇ ಅಳೆದು ಬಾಗಿಲು ತೆರೆಸುವ ಪುಟ್ಟ ಮಂಡಲವನ್ನು ಸೇರಿಸಿದರೆ ಇನ್ನೂ ಸೊಗಸು: ಡಯೋಡ್ ಒಂದು ದನಿಯನ್ನು ಏಕಮುಖಗೊಳಿಸುತ್ತದೆ, ಕೆಪಾಸಿಟರ್ ಅದನ್ನು ನಯಗೊಳಿಸುತ್ತದೆ. ಆಗ ಹಲಗೆಯ ಪ್ರತಿ ಪೆಟ್ಟಿಗೂ ಫಿಲ್ಟರ್ ಬಾಯಿ ತೆರೆದು ಮುಚ್ಚುತ್ತದೆ. ಶ್ರುತಿ ಹಿಂಬಾಲಿಸುವ ವ್ಯವಸ್ಥೆಯ ಗೊಡವೆಗೆ ಹೋಗದಿರುವುದೇ ಲೇಸು ಎಂಬುದು ಈ ಲೇಖಕನ ಅಭಿಪ್ರಾಯ. ಅದು ಒಂದು ಸಲಕ್ಕೆ ಒಂದೇ ಸ್ವರವನ್ನು ಗುರುತಿಸಬಲ್ಲದು. ಹಿಂದೆ ತಂಬೂರಿ ಮಿಡಿದರೂ ಸಾಕು, ದಿಕ್ಕು ತಪ್ಪುತ್ತದೆ.

ಇದನ್ನೆಲ್ಲ ಮನೆಯಲ್ಲಿರುವ ಸಾಮಾನ್ಯ ಕ್ಯಾಸಿಯೊ ಮೇಲೆ ಪ್ರಯೋಗಿಸಬಹುದೇ? ಪ್ರಯೋಜನವಿಲ್ಲ. ಇಂದಿನ ಕೀಬೋರ್ಡುಗಳಲ್ಲಿ ನಾದವೂ ಅದರ ಬಣ್ಣವೂ ಒಂದೇ ಚಿಪ್ಪಿನೊಳಗೆ ಲೆಕ್ಕಾಚಾರವಾಗಿ ಹೊರಬರುತ್ತವೆ. ನಡುವೆ ತಂತಿ ಹಾಕಲು ಎಡೆಯೇ ಇಲ್ಲ. ಆಡಿಯೊ ಇನ್ ಜಾಕ್ ಇದ್ದರೂ ಸಾಮಾನ್ಯವಾಗಿ ಅದು ದನಿಯನ್ನು ಸ್ಪೀಕರಿಗೆ ದಾಟಿಸುತ್ತದೆಯೇ ಹೊರತು ತಿದ್ದುವುದಿಲ್ಲ. 1986ರ ಕ್ಯಾಸಿಯೊ ಎಸ್‌ಕೆ-1 ಮಾತ್ರ ಮೈಕಿನಿಂದ ಸುಮಾರು ಒಂದೂವರೆ ಸೆಕೆಂಡಿನ ದನಿಯನ್ನು ಹಿಡಿದು ಕೀಲಿಗಳ ಮೇಲೆ ನುಡಿಸುತ್ತಿತ್ತು. ಆದರೆ ಅಲ್ಲಿ ಮತ್ತೆ ಸ್ವರ ಕೀಲಿಯ ವಶವಾಗುತ್ತದೆ.

ಅಂದಮೇಲೆ ಬಿಚ್ಚಬೇಕಾದದ್ದು ಹಳೆಯ ಅನಲಾಗ್ ವಾದ್ಯವನ್ನೇ. ಅದು ಇನ್ನೊಮ್ಮೆ ತಯಾರಾಗುವ ವಸ್ತುವಲ್ಲ. ಎಸ್‌ಎಚ್-101ರ ಫಿಲ್ಟರ್ ಚಿಪ್ಪು ಐಆರ್ 3109ರ ತಯಾರಿಕೆ ನಿಂತು ಬಹಳ ಕಾಲವಾಯಿತು. ಮೈಗೆ ರಂಧ್ರ ಕೊರೆದರೆ ಮುಚ್ಚಲು ಬಾರದು, ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಇಳಿಯುತ್ತದೆ. ಹೊಸ ರಂಧ್ರ ಕೊರೆಯುವ ಬದಲು, ಬಳಸದೆ ಬಿಟ್ಟಿರುವ ಹಳೆಯ ಜಾಕಿನ ಜಾಗವನ್ನೇ ಉಪಯೋಗಿಸುವುದು ವಿವೇಕ. ಅಷ್ಟೂ ಧೈರ್ಯವಿಲ್ಲದವರಿಗೆ ಕೋರ್ಗ್ 2013ರಲ್ಲಿ ಹೊರತಂದ ಎಂಎಸ್-20 ಮಿನಿಯಲ್ಲಿ ಈ ಜಾಕ್ ಸಿದ್ಧವಾಗಿಯೇ ಇದೆ.

ವಿದ್ಯುತ್ತಿನ ಎಚ್ಚರ ಎಲ್ಲಕ್ಕೂ ಮೊದಲು. ಎಸ್‌ಎಚ್-101 ಬ್ಯಾಟರಿಯಿಂದಲೂ ನಡೆಯುತ್ತದೆಯಾದ್ದರಿಂದ ಭಯ ಕಡಿಮೆ. ಮಿನಿಮೂಗ್‌ನಂತಹ ವಾದ್ಯಗಳ ಒಳಗೆ ಮನೆಯ ವಿದ್ಯುತ್ತು ನೇರವಾಗಿ ಪ್ರವೇಶಿಸುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಶಕ್ತಿ ಉಳಿದಿರಬಹುದು. ಕೆಲಸವನ್ನು ಅನುಭವಿ ರೇಡಿಯೊ-ಟಿವಿ ರಿಪೇರಿಯವರಿಗೆ ಒಪ್ಪಿಸುವುದಾದರೆ, ವಾದ್ಯದ ಸರ್ಕಿಟ್ ನಕ್ಷೆಯನ್ನು ಮುಂಚಿತವಾಗಿಯೇ ಅವರ ಕೈಗೆ ಕೊಡಬೇಕು. ಯಾವ ತಂತಿಯನ್ನು ಎಲ್ಲಿ ಬೆಸೆಯಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿಟ್ಟರೆ, ಹತ್ತು ವರ್ಷಗಳ ನಂತರ ಅದನ್ನು ಬಿಚ್ಚುವವರು ಮೂಲ ಸ್ಥಿತಿಗೆ ತರಬಲ್ಲರು.